ಸೇತುವೆ ಎಲ್ಲರದು, ದುರಸ್ತಿಯ ಹೊಣೆ ಯಾರದು?

1788ರಲ್ಲಿ ಇಂಗ್ಲೆಂಡಿನ ಕಿಂಗ್ಸ್ ಬೆಂಚ್ ನ್ಯಾಯಾಲಯದ ಮುಂದೆ ಅಪರೂಪದ ದಾವೆಯೊಂದು ಬಂದಿತು. ಡೆವನ್ ಕೌಂಟಿಯ ಸೇತುವೆಯೊಂದು ದುರಸ್ತಿಯಿಲ್ಲದೆ ಹಾಳಾಗಿದ್ದ ಕಾರಣ ರಸೆಲ್ ಎಂಬಾತನ ಬಂಡಿ ಜಖಂಗೊಂಡಿತ್ತು. ನಷ್ಟ ಭರ್ತಿಗಾಗಿ ಆತ ದಾವೆ ಹೂಡಿದ್ದು ಒಬ್ಬ ವ್ಯಕ್ತಿಯ ಮೇಲೂ ಅಲ್ಲ, ಒಂದು ಸಂಸ್ಥೆಯ ಮೇಲೂ ಅಲ್ಲ. ಡೆವನ್ ಕೌಂಟಿಯಲ್ಲಿ ವಾಸಿಸುವ ಸಮಸ್ತ ಜನರ ಮೇಲೆ! ಸಮಸ್ತರ ಪರವಾಗಿ ಇಬ್ಬರು ನಿವಾಸಿಗಳು ಹಾಜರಾಗಿ, ಇಂತಹ ದಾವೆ ಕಾನೂನಿನಲ್ಲಿ ನಿಲ್ಲತಕ್ಕದ್ದಲ್ಲವೆಂದು ವಾದಿಸಿದರು.

ಮುಖ್ಯ ನ್ಯಾಯಮೂರ್ತಿ ಲಾರ್ಡ್ ಕೆನ್ಯನ್ ಹಾಗೂ ಅವರ ಸಹ ನ್ಯಾಯಮೂರ್ತಿಗಳು ಆ ವಾದವನ್ನು ಎತ್ತಿ ಹಿಡಿದರು. ಅವರು ನೀಡಿದ ಕಾರಣಗಳಲ್ಲಿ ಒಂದು ವಾಣಿಜ್ಯ ಕ್ಷೇತ್ರದವರ ಗಮನಕ್ಕೆ ವಿಶೇಷವಾಗಿ ಅರ್ಹವಾಗಿದೆ. ಕೌಂಟಿಯ ಜನತೆ ಒಂದು ನಿಗಮವಲ್ಲ. ತೀರ್ಪಿನ ಹಣವನ್ನು ಪಾವತಿ ಮಾಡಲು ಅವರ ಬಳಿ ಸಾಮೂಹಿಕ ನಿಧಿ ಎಂಬುದೇ ಇಲ್ಲ. ಡಿಕ್ರಿ ನೀಡಿದರೆ ಯಾರೋ ಒಬ್ಬ ನಿವಾಸಿಯ ಆಸ್ತಿಯನ್ನು ಜಪ್ತಿ ಮಾಡಬೇಕಾಗುತ್ತದೆ, ಆತ ಮತ್ತೆ ಉಳಿದವರೆಲ್ಲರ ಮೇಲೆ ದಾವೆ ಹೂಡಬೇಕಾಗುತ್ತದೆ, ವ್ಯಾಜ್ಯಗಳಿಗೆ ಕೊನೆಯೇ ಇರುವುದಿಲ್ಲ. ಸಾರ್ವಜನಿಕರಿಗೆ ಇಂತಹ ಅನನುಕೂಲವಾಗುವುದಕ್ಕಿಂತ ಒಬ್ಬನು ನಷ್ಟ ಅನುಭವಿಸುವುದೇ ಮೇಲೆಂಬ ಅಭಿಪ್ರಾಯವೂ ಆ ತೀರ್ಪಿನಲ್ಲಿ ವ್ಯಕ್ತವಾಯಿತು. ಹೊಣೆ ಇತ್ತು, ಹಾನಿ ಆಗಿತ್ತು, ಆದರೆ ಹಣವಿಡುವ ಪೆಟ್ಟಿಗೆ ಇರಲಿಲ್ಲ. ಬಂಡಿಯ ಮಾಲೀಕ ಬರಿಗೈಯಲ್ಲಿ ಹಿಂದಿರುಗಿದ.

ಸೇತುವೆ ಕಟ್ಟುವಾಗ ಶಂಕುಸ್ಥಾಪನೆಗೆ ಬರುವವರಿಗೆ ಕೊರತೆಯಿಲ್ಲ. ಅದು ಸವೆದು, ಬಿರುಕು ಬಿಟ್ಟು, ದುರಸ್ತಿ ಬೇಡುವ ದಿನ ಮಾತ್ರ 'ಇದು ನಮಗೆ ಸೇರಿದ್ದಲ್ಲ' ಎಂಬ ಉತ್ತರ ಎಲ್ಲ ಕಡೆಯಿಂದಲೂ ಕೇಳಿಬರುತ್ತದೆ. ಈ ವಿವಾದಕ್ಕೆ ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸದ ಅತ್ಯುತ್ತಮ ಪಾಠವನ್ನು ಇಂಗ್ಲೆಂಡಿನ ಕೆಂಟ್ ಪ್ರಾಂತದ ರೋಚೆಸ್ಟರ್ ನಗರದ ಸೇತುವೆಯಲ್ಲಿ ಕಾಣಬಹುದು.

ಒಂಬತ್ತು ಕಂಬಗಳ ಪಟ್ಟಿ

ರೋಚೆಸ್ಟರ್ ನಗರವು ಮೆಡ್ವೇ ನದಿಯ ದಂಡೆಯಲ್ಲಿದೆ. ಡೋವರ್ ಬಂದರಿನಿಂದ ಕ್ಯಾಂಟರ್ಬರಿಯ ಮೂಲಕ ಲಂಡನ್ನಿಗೆ ಹೋಗುವ ಪ್ರಾಚೀನ ಹೆದ್ದಾರಿ ಇಲ್ಲಿಯೇ ನದಿಯನ್ನು ದಾಟುತ್ತದೆ. ಯುರೋಪಿನಿಂದ ಬರುವ ವರ್ತಕರು, ಯಾತ್ರಿಕರು, ಸೈನ್ಯಗಳು ಎಲ್ಲರಿಗೂ ಇದೇ ದಾರಿ. ರೋಮನ್ನರು ಇಲ್ಲಿ ಕಲ್ಲಿನ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಮರದ ತೊಲೆ ಹಾಗೂ ಹಲಗೆಗಳನ್ನು ಹಾಸಿ ಸೇತುವೆ ಕಟ್ಟಿದ್ದರು. ರೋಮನ್ನರು ಹೊರಟುಹೋದರು, ಸೇತುವೆ ಉಳಿಯಿತು, ದುರಸ್ತಿಯ ಪ್ರಶ್ನೆಯೂ ಉಳಿಯಿತು.

ಆಂಗ್ಲೋ-ಸ್ಯಾಕ್ಸನ್ ಅರಸರ ಕಾಲದಲ್ಲಿ ಭೂಮಿ ಹೊಂದಿದವರಿಗೆ ಮೂರು ಕರ್ತವ್ಯಗಳು ಅನಿವಾರ್ಯವಾಗಿದ್ದವು: ಸೈನ್ಯಕ್ಕೆ ಆಳು ಒದಗಿಸುವುದು, ಕೋಟೆಯ ದುರಸ್ತಿ, ಸೇತುವೆಯ ದುರಸ್ತಿ. ಬೇರೆ ತೆರಿಗೆಗಳಿಂದ ವಿನಾಯಿತಿ ಪಡೆದ ಧಾರ್ಮಿಕ ಸಂಸ್ಥೆಗಳಿಗೂ ಸಾಮಾನ್ಯವಾಗಿ ಈ ಮೂರರಿಂದ ಬಿಡುಗಡೆ ಇರಲಿಲ್ಲ. ಈ ತತ್ತ್ವದ ಮೇಲೆ ರೋಚೆಸ್ಟರ್ ಸೇತುವೆಗೆ ಒಂದು ಹೊಣೆಪಟ್ಟಿ ಸಿದ್ಧವಾಯಿತು. 10ನೆಯ ಶತಮಾನಕ್ಕೆ ಸೇರಿದ್ದೆಂದು ಪರಿಗಣಿಸಲಾಗುವ ಈ ಪಟ್ಟಿಯನ್ನು 12ನೆಯ ಶತಮಾನದ ಆದಿಭಾಗದಲ್ಲಿ ಸಂಕಲಿಸಲಾದ 'ಟೆಕ್ಸ್ಟಸ್ ರೊಫೆನ್ಸಿಸ್' ಎಂಬ ಹಸ್ತಪ್ರತಿಯು ಹಳೆಯ ಇಂಗ್ಲಿಷ್ ಹಾಗೂ ಲ್ಯಾಟಿನ್ ಎರಡರಲ್ಲಿಯೂ ಕಾಪಾಡಿಕೊಂಡು ಬಂದಿದೆ.

ಪಟ್ಟಿಯ ಸ್ಪಷ್ಟತೆ ಇಂದಿನ ಯಾವ ಇಲಾಖೆಯ ದಾಖಲೆಗೂ ಕಡಿಮೆಯಲ್ಲ. ಒಂದನೆಯ ಮತ್ತು ಮೂರನೆಯ ಕಂಬ ರೋಚೆಸ್ಟರ್ ಬಿಷಪ್ಪರ ಹೊಣೆ. ಎರಡನೆಯದು ಜಿಲ್ಲಿಂಗ್‌ಹ್ಯಾಮ್ ಮತ್ತು ಚಾಟಂ ಗ್ರಾಮಗಳದು. ನಾಲ್ಕನೆಯದು ರಾಜನದು. ಐದನೆಯ ಹಾಗೂ ಒಂಬತ್ತನೆಯ ಕಂಬಗಳು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರವು. ಆರನೆಯದು ಹಾಲಿಂಗ್‌ಬರ್ನ್ ಹಾಗೂ ಅದಕ್ಕೆ ಸೇರಿದ ಪ್ರದೇಶದ್ದು. ಏಳು ಮತ್ತು ಎಂಟನೆಯವು ಹೂ ಎಂಬ ಪ್ರಾಂತದ ಜನರವು. ಕಂಬ ಮಾತ್ರವಲ್ಲ, ಪ್ರತಿಯೊಬ್ಬರೂ ಎಷ್ಟು ಉದ್ದಕ್ಕೆ ಹಲಗೆ ಹಾಸಬೇಕು, ಎಷ್ಟು ತೊಲೆಗಳನ್ನು ಒದಗಿಸಬೇಕು ಎಂಬುದನ್ನೂ ಅಲ್ಲಿ ನಮೂದಿಸಲಾಗಿದೆ.

ಕಾಗದದ ಮೇಲೆ ಇದಕ್ಕಿಂತ ಉತ್ತಮವಾದ ಹೊಣೆ ಹಂಚಿಕೆ ಸಾಧ್ಯವಿಲ್ಲ. ಆದರೂ ಸೇತುವೆ ಪದೇ ಪದೇ ಹಾಳಾಯಿತು. ಕಾರಣ ಸರಳ. ಒಂಬತ್ತು ಕಂಬಗಳಲ್ಲಿ ಎಂಟು ಭದ್ರವಾಗಿದ್ದು ಒಂದು ಶಿಥಿಲವಾದರೆ ಇಡೀ ಸೇತುವೆಯೇ ನಿರುಪಯುಕ್ತ. ತನ್ನ ಪಾಲಿನ ಹಲಗೆಗೆ ಹಣ ಹಾಕುವ ಮೊದಲು ಪ್ರತಿಯೊಬ್ಬನೂ ನೆರೆಯವನು ಹಾಕಿದನೇ ಎಂದು ನೋಡುತ್ತಾನೆ. ಮೇಲಾಗಿ ಭೂಮಿ ಕೈ ಬದಲಾಯಿಸುತ್ತದೆ, ಪಾಲಾಗುತ್ತದೆ, ವಾರಸುದಾರರ ನಡುವೆ ಹರಿದು ಹಂಚಿಹೋಗುತ್ತದೆ. ಭೂಮಿಯೊಡನೆ ಅಂಟಿಕೊಂಡ ದುರಸ್ತಿಯ ಹೊಣೆ ಯಾವ ತುಂಡಿಗೆ ಸೇರಿತು ಎಂಬುದೇ ಹೊಸ ವ್ಯಾಜ್ಯವಾಗುತ್ತದೆ. 1704ರಲ್ಲಿ ಬಕ್ಲೂ ಡಚೆಸ್ ಅವರ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯವು, ಸೇತುವೆ ದುರಸ್ತಿಯ ಹೊಣೆಯಿರುವ ಜಮೀನು ಹಲವು ಪಾಲಾದರೂ ಯಾವುದೇ ಒಬ್ಬ ಪಾಲುದಾರನಿಂದ ಸಂಪೂರ್ಣ ದುರಸ್ತಿಯನ್ನು ಮಾಡಿಸಬಹುದು, ಆತ ಉಳಿದವರಿಂದ ಅವರವರ ಪಾಲನ್ನು ವಸೂಲು ಮಾಡಿಕೊಳ್ಳಲಿ ಎಂದು ಹೇಳಬೇಕಾಯಿತು. ಸಾರ್ವಜನಿಕರಿಗೆ ಇದು ಅನುಕೂಲವೇ ಸರಿ. ಆದರೆ ಸಿಕ್ಕಿಬಿದ್ದ ಪಾಲುದಾರನ ಪಾಡು ಏನೆಂಬುದನ್ನು ಪಾಲುದಾರಿಕೆ ಸಂಸ್ಥೆ ನಡೆಸಿದವರಿಗೆ ವಿವರಿಸಬೇಕಾಗಿಲ್ಲ.

1215ರ ಮ್ಯಾಗ್ನಾ ಕಾರ್ಟಾ ಸನ್ನದಿನಲ್ಲಿಯೂ ಸೇತುವೆಯ ಪ್ರಸ್ತಾಪ ಬರುತ್ತದೆ ಎಂಬುದು ಅನೇಕರಿಗೆ ಆಶ್ಚರ್ಯ ತರಬಹುದು. ಹಿಂದಿನಿಂದ ನ್ಯಾಯಬದ್ಧವಾಗಿ ಹೊಣೆ ಹೊತ್ತವರನ್ನು ಬಿಟ್ಟು ಬೇರೆ ಯಾವ ಊರನ್ನಾಗಲಿ ವ್ಯಕ್ತಿಯನ್ನಾಗಲಿ ಸೇತುವೆ ಕಟ್ಟುವಂತೆ ಬಲವಂತಪಡಿಸತಕ್ಕದ್ದಲ್ಲವೆಂದು ಅದರ 23ನೆಯ ಕಲಮು ವಿಧಿಸುತ್ತದೆ. ಪ್ರಜೆಗಳಿಗೆ ಇದು ರಕ್ಷಣೆ. ಆದರೆ ಹಳೆಯ ಹೊಣೆಗಾರರು ಯಾರೆಂದು ಗೊತ್ತಾಗದ ಸೇತುವೆಗೆ ಇದರಿಂದ ರಕ್ಷಣೆ ದೊರೆಯಲಿಲ್ಲ.

ರೋಚೆಸ್ಟರ್ ಸೇತುವೆಗೆ 1264ರ ಅಂತರ್ಯುದ್ಧದಲ್ಲಿ ಸೈಮನ್ ಡಿ ಮಾಂಟ್‌ಫರ್ಟನ ಸೈನ್ಯದಿಂದ ಬೆಂಕಿ ಬಿದ್ದಿತು. 1281-82ರ ಕಡು ಚಳಿಗಾಲದ ಹಿಮಗಡ್ಡೆಗಳಿಂದ ಅದಕ್ಕೆ ಮತ್ತೆ ಹಾನಿಯಾಯಿತು. ಕೊನೆಗೆ 1381ರಲ್ಲಿ ಕರಗಿದ ಹಿಮ ಮತ್ತು ಪ್ರವಾಹದ ಹೊಡೆತಕ್ಕೆ ಸೇತುವೆ ಕುಸಿಯಿತು. ಪಟ್ಟಿಯಲ್ಲಿ ರಾಜನ ಹೆಸರಿತ್ತು, ಆರ್ಚ್‌ಬಿಷಪ್ಪರ ಹೆಸರಿತ್ತು. ದೇಶದ ಪ್ರಮುಖ ಹೆದ್ದಾರಿಯಲ್ಲಿ ಜನ ದೋಣಿಯನ್ನು ಆಶ್ರಯಿಸಬೇಕಾಯಿತು.

ಎಲ್ಲರ ಮೇಲೆ ಹೊರಿಸಿದ ಹೊಣೆ

ರೋಚೆಸ್ಟರಿನಲ್ಲಿ ಮುಂದೆ ನಡೆದುದನ್ನು ಹೇಳುವ ಮೊದಲು, ದೇಶದ ಉಳಿದ ಭಾಗಗಳಲ್ಲಿ ಕಾನೂನು ಹಿಡಿದ ದಾರಿಯನ್ನು ನೋಡುವುದು ಉಚಿತ. ರೋಚೆಸ್ಟರಿನ ಮಾದರಿಯ ಮಹತ್ವ ಈ ಹೋಲಿಕೆಯಿಂದಲೇ ವ್ಯಕ್ತವಾಗುತ್ತದೆ.

ಹೊಣೆಗಾರರು ಪತ್ತೆಯಾಗದ ಸೇತುವೆಗಳ ಸಂಖ್ಯೆ ಹೆಚ್ಚಿದಾಗ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ 1530ರ ಸೇತುವೆ ಶಾಸನ ಜಾರಿಗೆ ಬಂದಿತು. ದುರಸ್ತಿ ಮಾಡಬೇಕಾದವರು ಯಾರೆಂದು ತಿಳಿಯದಿದ್ದಲ್ಲಿ, ಸೇತುವೆ ನಗರದೊಳಗಿದ್ದರೆ ನಗರದ ನಿವಾಸಿಗಳು, ಹೊರಗಿದ್ದರೆ ಕೌಂಟಿಯ ನಿವಾಸಿಗಳು ಹೊಣೆಗಾರರು ಎಂಬುದು ಅದರ ಮುಖ್ಯ ವಿಧಿ. ಗೌರವ ದಂಡಾಧಿಕಾರಿಗಳು ವಿಚಾರಣೆ ನಡೆಸಿ, ನಿವಾಸಿಗಳ ಮೇಲೆ ಕರ ವಿಧಿಸಿ, ವಸೂಲಿಗಾರರನ್ನೂ ಕಾಮಗಾರಿಯ ಮೇಲ್ವಿಚಾರಕರನ್ನೂ ನೇಮಿಸಬೇಕಾಗಿತ್ತು. ಸೇತುವೆಯ ಎರಡೂ ತುದಿಗಳಿಂದ 300 ಅಡಿಗಳವರೆಗಿನ ರಸ್ತೆಯನ್ನೂ ಸೇತುವೆಯ ಭಾಗವೆಂದೇ ಪರಿಗಣಿಸಿ ದುರಸ್ತಿ ಮಾಡಬೇಕೆಂಬ ವಿವೇಕದ ನಿಯಮವೂ ಅದರಲ್ಲಿತ್ತು.

ಈ ಶಾಸನದಿಂದ ಹೊಣೆಯ ಪ್ರಶ್ನೆಗೆ ಉತ್ತರ ದೊರೆಯಿತು. ಆದರೆ ಕರವನ್ನು ಸಂಗ್ರಹಿಸುತ್ತಿದ್ದುದು ಸೇತುವೆ ಹಾಳಾದ ಮೇಲೆಯೇ ಹೊರತು ಹಾಳಾಗುವ ಮುನ್ನವಲ್ಲ. ದುರಸ್ತಿ ಮಾಡದಿದ್ದರೆ ಕೌಂಟಿಯ ಮೇಲೆ ಆಪಾದನೆ ಹೊರಿಸಿ ದಂಡ ವಿಧಿಸಬಹುದಿತ್ತು. ನಷ್ಟ ಹೊಂದಿದವನಿಗೆ ಮಾತ್ರ ಬಿಡಿಗಾಸೂ ಸಿಗುತ್ತಿರಲಿಲ್ಲ. ಡೆವನ್ನಿನ ರಸೆಲ್‌ಗೆ ಆದದ್ದು ಅದೇ.

ಹೊಣೆ ಎಲ್ಲರದೂ ಆದಾಗ ಮತ್ತೊಂದು ಸಮಸ್ಯೆ ತಲೆದೋರಿತು. ಯಾರೋ ತಮ್ಮ ಅನುಕೂಲಕ್ಕೆ ಸೇತುವೆ ಕಟ್ಟಿ, ಬಳಿಕ ದುರಸ್ತಿಯನ್ನು ಕೌಂಟಿಯ ಮೇಲೆ ಹಾಕತೊಡಗಿದರು. 1770ರಲ್ಲಿ ಯಾರ್ಕ್‌ಷೈರ್ ಪ್ರಾಂತದ ಗ್ಲಸ್‌ಬರ್ನ್ ಸೇತುವೆಯ ವಿವಾದದಲ್ಲಿ, ಕಟ್ಟಿದವರು ಯಾರೇ ಆಗಿರಲಿ, ಸೇತುವೆ ಸಾರ್ವಜನಿಕರಿಗೆ ಉಪಯುಕ್ತವಾಗಿದ್ದು ಅವರ ಬಳಕೆಯಲ್ಲಿದ್ದರೆ ಕೌಂಟಿಯೇ ದುರಸ್ತಿ ಮಾಡಬೇಕೆಂದು ನ್ಯಾಯಾಲಯ ನಿರ್ಣಯಿಸಿತು. ಕಟ್ಟುವವನು ಅಗ್ಗದಲ್ಲಿ ಕಟ್ಟಲಿ, ಕಾಯುವ ಖರ್ಚು ಊರಿನದಾಗಲಿ ಎಂಬಂತಾಯಿತು. ಇದನ್ನು ಸರಿಪಡಿಸಲು 1803ರಲ್ಲಿ ಲಾರ್ಡ್ ಎಲೆನ್‌ಬರೋ ಅವರ ಹೆಸರಿನಿಂದ ಪ್ರಸಿದ್ಧವಾದ ಶಾಸನ ಬಂದಿತು. ಹೊಸ ಸೇತುವೆ ಭದ್ರವಾಗಿ, ಕೌಂಟಿಯ ಸರ್ವೇಯರ್ ತೃಪ್ತಿಪಡುವಂತೆ ಕಟ್ಟಲ್ಪಟ್ಟಿದ್ದರೆ ಮಾತ್ರ ಅದರ ದುರಸ್ತಿ ಕೌಂಟಿಯ ಹೊಣೆ ಎಂದು ಅದು ಗೊತ್ತುಪಡಿಸಿತು. ಇಂದಿನ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರದ ಪೂರ್ವರೂಪವನ್ನು ಇದರಲ್ಲಿ ಗುರುತಿಸಬಹುದು.

ಡೆವನ್ ತೀರ್ಪು ಸಮುದ್ರವನ್ನೂ ದಾಟಿತು. 1812ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೀಸೆಸ್ಟರ್ ಪಟ್ಟಣದಲ್ಲಿ ಸೇತುವೆಯ ದೋಷದಿಂದ ಮೋವರ್ ಎಂಬಾತ ತನ್ನ ಕುದುರೆಯನ್ನು ಕಳೆದುಕೊಂಡ. ಅಲ್ಲಿಯ ಪಟ್ಟಣವು ನಿಗಮವಾಗಿತ್ತು. ಅದಕ್ಕೆ ಹಣ ಸಂಗ್ರಹಿಸುವ ಅಧಿಕಾರವೂ ಇತ್ತು. ಆದರೂ ನ್ಯಾಯಾಲಯ ಡೆವನ್ ತೀರ್ಪನ್ನು ಅನುಸರಿಸಿ ಪರಿಹಾರವನ್ನು ನಿರಾಕರಿಸಿತು. ನಿಧಿ ಇಲ್ಲವೆಂಬ ಕಾರಣಕ್ಕೆ ಹುಟ್ಟಿದ ನಿಯಮ ನಿಧಿ ಇರುವಲ್ಲಿಯೂ ಬೇರು ಬಿಟ್ಟಿತು.

ಗುತ್ತಿಗೆದಾರನ ಖಾತರಿ

ದುರಸ್ತಿಯ ಹೊಣೆಯನ್ನು ಕಟ್ಟಿದವನ ಮೇಲೆಯೇ ಹಾಕಿದರೆ ಹೇಗೆ? ಈ ಪ್ರಯೋಗವೂ ನಡೆದಿದೆ. ವೇಲ್ಸ್ ಪ್ರಾಂತದ ಪಾಂಟಿಪ್ರಿದ್ದ್ ಎಂಬಲ್ಲಿ ಟ್ಯಾಫ್ ನದಿಗೆ ಸೇತುವೆ ಕಟ್ಟಲು 1746ರಲ್ಲಿ ವಿಲಿಯಂ ಎಡ್ವರ್ಡ್ಸ್ ಎಂಬ ಕಲ್ಲುಕೆಲಸಗಾರ ಒಪ್ಪಂದ ಮಾಡಿಕೊಂಡ. ಮೊಬಲಗು 500 ಪೌಂಡ್. ಏಳು ವರ್ಷಗಳ ಕಾಲ ಸೇತುವೆಯನ್ನು ಸುಸ್ಥಿತಿಯಲ್ಲಿಡುವುದು ಅವನದೇ ಹೊಣೆ. ಮೊದಲ ಸೇತುವೆ ಸುಮಾರು ಎರಡು ವರ್ಷಗಳಲ್ಲಿ ಪ್ರವಾಹಕ್ಕೆ ಕೊಚ್ಚಿಹೋಯಿತು. ನದಿಯ ನಡುವೆ ಕಂಬಗಳೇ ಬೇಡವೆಂದು ಒಂದೇ ಕಮಾನಿನ ಸೇತುವೆಗೆ ಕೈಹಾಕಿದ, ಅದೂ ಕುಸಿಯಿತು. ಛಲ ಬಿಡದ ಎಡ್ವರ್ಡ್ಸ್ ಕಮಾನಿನ ಎರಡೂ ಬದಿಯ ಕಟ್ಟಡದಲ್ಲಿ ಮೂರು ಮೂರು ದುಂಡು ರಂಧ್ರಗಳನ್ನು ಬಿಟ್ಟು ಭಾರವನ್ನು ಇಳಿಸಿದ. 1756ರ ಹೊತ್ತಿಗೆ 140 ಅಡಿ ಅಗಲದ ಒಂಟಿ ಕಮಾನು ಎದ್ದು ನಿಂತಿತು. ಅದು ಇಂದಿಗೂ ನಿಂತಿದೆ.

ಈ ಕಥೆಯನ್ನು ಸಾಮಾನ್ಯವಾಗಿ ಛಲದ ನಿದರ್ಶನವಾಗಿ ಹೇಳುವುದುಂಟು. ವ್ಯವಹಾರದ ದೃಷ್ಟಿಯಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. 500 ಪೌಂಡಿನ ಒಪ್ಪಂದದಲ್ಲಿ ಸೇತುವೆಯನ್ನು ಮತ್ತೆ ಮತ್ತೆ ಕಟ್ಟುವ ಅಪಾಯದ ಬೆಲೆ ಸೇರಿರಲಿಲ್ಲ. ಸ್ಥಳೀಯರ ನೆರವಿನಿಂದ ಎಡ್ವರ್ಡ್ಸ್ ಪಾರಾದ. ದುರ್ಬಲನಾದ ಗುತ್ತಿಗೆದಾರನಾಗಿದ್ದರೆ ಊರನ್ನೇ ಬಿಡುತ್ತಿದ್ದ. ಏಳು ವರ್ಷಗಳ ಅನಂತರದ ದುರಸ್ತಿಗೆ ಆ ಒಪ್ಪಂದದಲ್ಲಿ ಜಾಗವೇ ಇರಲಿಲ್ಲ. ಗೆದ್ದ ಸೇತುವೆಯೂ ಬಲು ಕಡಿದಾದ ಏರಿನದಾಗಿದ್ದು ಭಾರದ ಬಂಡಿಗಳಿಗೆ ಕಷ್ಟವಾಗುತ್ತಿತ್ತು. 1857ರಲ್ಲಿ ಪಕ್ಕದಲ್ಲಿ ಮತ್ತೊಂದು ಸೇತುವೆ ಕಟ್ಟಬೇಕಾಯಿತು. ಗುತ್ತಿಗೆದಾರನ ಖಾತರಿ ನಿರ್ಮಾಣದ ದೋಷಕ್ಕೆ ಮದ್ದಾಗಬಲ್ಲುದು, ಕಾಲದ ಸವೆತಕ್ಕಲ್ಲ.

ಪಟ್ಟಿಯಿಂದ ನಿಧಿಗೆ

ಈಗ ರೋಚೆಸ್ಟರಿಗೆ ಮರಳೋಣ. 1381ರಲ್ಲಿ ಸೇತುವೆ ಬಿದ್ದ ಬಳಿಕ ಸರ್ ಜಾನ್ ಡಿ ಕೋಬಂ ಮತ್ತು ಸರ್ ರಾಬರ್ಟ್ ನೋಲ್ಸ್ ಎಂಬ ಇಬ್ಬರು ಶ್ರೀಮಂತರು ಮುಂದೆ ಬಂದರು. ಅವರ ಔದಾರ್ಯದಿಂದ ಹಳೆಯ ಜಾಗಕ್ಕೆ ಸಮೀಪದಲ್ಲಿಯೇ ಹನ್ನೊಂದು ಕಮಾನುಗಳ ಕಲ್ಲಿನ ಸೇತುವೆ ನಿರ್ಮಾಣವಾಗಿ 1391ರಲ್ಲಿ ಪೂರ್ಣಗೊಂಡಿತು.

ದಾನಿಗಳು ಸೇತುವೆ ಕಟ್ಟಿಸಿಕೊಟ್ಟು ಕೈತೊಳೆದುಕೊಂಡಿದ್ದರೆ ಕಥೆ ಹಳೆಯ ಜಾಡಿಗೇ ಮರಳುತ್ತಿತ್ತು. ಆದರೆ ಅವರು ಒಂದು ಹೆಜ್ಜೆ ಮುಂದೆ ಯೋಚಿಸಿದರು. ಸೇತುವೆಯ ಹೆಸರಿನಲ್ಲಿಯೇ ಆಸ್ತಿ ಇರಬೇಕು, ಅದರ ಗೇಣಿ ಮತ್ತು ಬಾಡಿಗೆಯಿಂದಲೇ ದುರಸ್ತಿ ನಡೆಯಬೇಕು ಎಂಬುದು ಅವರ ಆಲೋಚನೆ. 1399ರಲ್ಲಿ ಎರಡನೆಯ ರಿಚರ್ಡ್ ದೊರೆ ರಾಜಶಾಸನದ ಮೂಲಕ, ಸೇತುವೆಯ ವಾರ್ಡನ್ನರು ಅಂದರೆ ಪಾಲಕರು ಸೇತುವೆಗಾಗಿ ಶಾಶ್ವತವಾಗಿ ಆಸ್ತಿ ಹೊಂದಬಹುದೆಂದು ಅನುಮತಿ ನೀಡಿದ. 1421ರಲ್ಲಿ ಸಂಸತ್ತು ಈ ವ್ಯವಸ್ಥೆಯನ್ನು ದೃಢಪಡಿಸಿತು. ಕೆಂಟ್, ಎಸೆಕ್ಸ್ ಹಾಗೂ ಲಂಡನ್ನಿನಲ್ಲಿ ಜಮೀನು, ಮನೆಗಳು ಸೇತುವೆಗೆ ದಾನವಾಗಿ ಬಂದವು. ವಾರ್ಡನ್ನರು ಬರೆದಿಟ್ಟ 15ನೆಯ ಶತಮಾನದ ಲೆಕ್ಕದ ಸುರುಳಿಗಳು ಇಂದಿಗೂ ಉಳಿದಿವೆ.

ಇಲ್ಲಿ ನಡೆದ ಬದಲಾವಣೆಯ ತಿರುಳನ್ನು ಲೆಕ್ಕಪತ್ರದ ಭಾಷೆಯಲ್ಲಿ ಸುಲಭವಾಗಿ ಹೇಳಬಹುದು. ಒಂಬತ್ತು ಕಂಬಗಳ ಪಟ್ಟಿಯಲ್ಲಿ ಇದ್ದದ್ದು ಬರಿಯ ಹೊಣೆಗಾರಿಕೆ. ಅದರ ಎದುರು ಗುರುತಿಟ್ಟ ಸ್ವತ್ತು ಇರಲಿಲ್ಲ. 1399ರ ಬಳಿಕ ಹೊಣೆಗಾರಿಕೆಯ ಎದುರು ಸ್ವತ್ತು ಬಂದು ಕುಳಿತಿತು. ಡೆವನ್ನಿನ ಜನತೆಗೆ ಇಲ್ಲದಿದ್ದ ಎರಡು ಸಂಗತಿಗಳು, ಅಂದರೆ ಕಾನೂನಿನ ವ್ಯಕ್ತಿತ್ವ ಮತ್ತು ಸ್ವಂತ ನಿಧಿ, ರೋಚೆಸ್ಟರ್ ಸೇತುವೆಗೆ ಅವರಿಗಿಂತ ಸುಮಾರು 400 ವರ್ಷ ಮೊದಲೇ ದೊರೆತಿದ್ದವು.

ಹಾಗೆಂದ ಮಾತ್ರಕ್ಕೆ ನಿಧಿಯಿಂದ ಎಲ್ಲವೂ ಸುಗಮವಾಯಿತೆಂದು ತಿಳಿಯಬಾರದು. 16ನೆಯ ಶತಮಾನದ ಹೊತ್ತಿಗೆ ಸೇತುವೆಯ ಆಸ್ತಿಗಳು ಕಡಿಮೆ ಬಾಡಿಗೆಗೆ ದೀರ್ಘಾವಧಿ ಗುತ್ತಿಗೆಯಲ್ಲಿ ಸಿಲುಕಿದ್ದವು. ಬೆಲೆಗಳು ಏರಿದವು, ಬಾಡಿಗೆ ಏರಲಿಲ್ಲ. ಸೇತುವೆ ಮತ್ತೆ ಶಿಥಿಲವಾಯಿತು. ಆಗ ನ್ಯಾಯಾಧೀಶ ಸರ್ ರೋಜರ್ ಮ್ಯಾನ್‌ವುಡ್ ಮುಂತಾದವರ ಶ್ರಮದಿಂದ ಒಂದನೆಯ ಎಲಿಜಬೆತ್ ರಾಣಿಯ ಕಾಲದ 1576ರ ಶಾಸನ ಬಂದಿತು. ಇಬ್ಬರು ವಾರ್ಡನ್ನರು, ಹನ್ನೆರಡು ಸಹಾಯಕರು, ಅವರ ಚುನಾವಣೆ, ಆಸ್ತಿಯ ನಿರ್ವಹಣೆ ಇವುಗಳಿಗೆ ಕ್ರಮ ಏರ್ಪಟ್ಟಿತು. ಹಳೆಯ ಪಟ್ಟಿಯಲ್ಲಿದ್ದ ಊರುಗಳ ವಂತಿಗೆಯ ಹೊಣೆಯೂ ಉಳಿಯಿತು. ಆದರೆ ಮೊದಲ ಆಸರೆಯಾಗಿ ಅಲ್ಲ, ನಿಧಿ ಸಾಲದೆ ಬಂದಾಗಿನ ಕೊನೆಯ ಆಸರೆಯಾಗಿ. ನಿಧಿ ಇದ್ದರೆ ಸಾಲದು, ಅದರ ಆದಾಯ ಬೆಲೆಯೇರಿಕೆಯೊಡನೆ ಹೆಜ್ಜೆ ಹಾಕಬೇಕು ಎಂಬ ಪಾಠವನ್ನು ಈ ಘಟ್ಟ ಕಲಿಸಿತು.

ಆ ಕಲ್ಲಿನ ಸೇತುವೆ ಸುಮಾರು 465 ವರ್ಷ ಬಾಳಿತು. 1856ರಲ್ಲಿ ಸರ್ ವಿಲಿಯಂ ಕ್ಯುಬಿಟ್ ವಿನ್ಯಾಸದ ಎರಕದ ಕಬ್ಬಿಣದ ಹೊಸ ಸೇತುವೆ ತೆರೆಯಿತು; ಮರುವರ್ಷ ಹಳೆಯದನ್ನು ಸೈನ್ಯದ ಎಂಜಿನಿಯರುಗಳು ಕೆಡವಿದರು. 1914ರಲ್ಲಿ ಕಬ್ಬಿಣದ ಸೇತುವೆಯನ್ನು ಪುನರ್ನಿರ್ಮಿಸಲಾಯಿತು. 1970ರಲ್ಲಿ ಪಕ್ಕದಲ್ಲಿಯೇ ಎರಡನೆಯ ರಸ್ತೆ ಸೇತುವೆ ಬಂದಿತು. ಇಂದಿಗೂ ಇವೆರಡನ್ನೂ ನಿರ್ವಹಿಸುತ್ತಿರುವುದು ಅದೇ ರೋಚೆಸ್ಟರ್ ಬ್ರಿಡ್ಜ್ ಟ್ರಸ್ಟ್. ದಾಟುವವರಿಂದ ಸುಂಕವಿಲ್ಲ. ದುರಸ್ತಿಗೆ ಹಣ ಬರುವುದು ಆರು ಶತಮಾನಗಳ ಹಿಂದಿನ ದಾನದಿಂದ ಬೆಳೆದ ಆಸ್ತಿ ಹಾಗೂ ಹೂಡಿಕೆಗಳಿಂದ. 'ಹನಿ ಹನಿ ಕೂಡಿದರೆ ಹಳ್ಳ' ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಕಾಗಿಲ್ಲ.

ನಮ್ಮ ನಾಡಿನ ಕಟ್ಟುಕೊಡಗಿ

ಈ ಕಲ್ಪನೆ ಕನ್ನಡ ನಾಡಿಗೆ ಹೊಸದಲ್ಲ. ಕೆರೆ ಕಟ್ಟಿಸಿದವರು ಅದರ ಹೂಳು ತೆಗೆಯಲು, ಏರಿಯನ್ನು ಕಾಪಾಡಲು ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಯನ್ನು ನಮ್ಮ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಬಿತ್ತುವಟ್ಟ, ಕಟ್ಟುಕೊಡಗಿ ಎಂಬ ಪದಗಳು ಇಂತಹ ದತ್ತಿಗಳ ಹೆಸರುಗಳು. ಕೆರೆಯೊಂದು ಬಂಡವಾಳ ವೆಚ್ಚ, ಅದರ ಪಾಲನೆ ನಿರಂತರ ವೆಚ್ಚ, ಎರಡಕ್ಕೂ ಬೇರೆ ಬೇರೆಯಾಗಿ ಏರ್ಪಾಡು ಮಾಡಬೇಕೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಸೇತುವೆಯ ವಿಷಯದಲ್ಲಿ ಶಿವನಸಮುದ್ರದ ಉದಾಹರಣೆ ಪ್ರಸಿದ್ಧವಾಗಿದೆ. 19ನೆಯ ಶತಮಾನದ ಆದಿಭಾಗದಲ್ಲಿ ಕಾವೇರಿಯ ಕವಲುಗಳ ಮೇಲಿನ ಅಲ್ಲಿಯ ಸೇತುವೆಗಳು ಹಾಳುಬಿದ್ದಿದ್ದವು. ಮೈಸೂರಿನ ರೆಸಿಡೆಂಟರ ಸೇವೆಯಲ್ಲಿದ್ದ ರಾಮಸ್ವಾಮಿ ಮುದಲಿಯಾರ್ ಅವುಗಳ ಪುನರುದ್ಧಾರಕ್ಕೆ ಅಪಾರ ಹಣ ವೆಚ್ಚ ಮಾಡಿದರು. ಅದಕ್ಕಾಗಿ ಅವರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದೂ ಜಹಗೀರೂ ದೊರೆತವು. ಆದರೆ ಜಹಗೀರು ಸಲ್ಲುವುದು ವ್ಯಕ್ತಿಗೆ ಮತ್ತು ಅವನ ವಂಶಕ್ಕೆ. ರೋಚೆಸ್ಟರಿನಂತೆ ಸೇತುವೆಗೇ ಅಲ್ಲ. ಮೈಸೂರು ರಾಜ್ಯದಲ್ಲಿ 1954ರ ಕಾಯಿದೆಯಿಂದ ವೈಯಕ್ತಿಕ ಇನಾಮುಗಳೇ ರದ್ದಾದವು. ಸ್ವಂತ ನಿಧಿಯಿಲ್ಲದ ಹಳೆಯ ಸೇತುವೆ ನದಿಯ ಪಾಲಿಗೆ ಉಳಿಯಿತು. 2018ರ ಕಾವೇರಿ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು.

ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ನಡೆದುದು ಇನ್ನೂ ಘೋರವಾದುದು. ಮಚ್ಛು ನದಿಯ ಮೇಲಿನ 19ನೆಯ ಶತಮಾನದ ತೂಗುಸೇತುವೆಯ ನಿರ್ವಹಣೆಯನ್ನು ಪುರಸಭೆಯು ಅದೇ ವರ್ಷದ ಮಾರ್ಚ್ ತಿಂಗಳಲ್ಲಿ 15 ವರ್ಷಗಳ ಅವಧಿಗೆ ಖಾಸಗಿ ಸಂಸ್ಥೆಯೊಂದಕ್ಕೆ ಒಪ್ಪಿಸಿತ್ತು. ಸುಸ್ಥಿತಿ ಪ್ರಮಾಣಪತ್ರವಿಲ್ಲದೆಯೇ ಸೇತುವೆ ಜನರಿಗೆ ತೆರೆಯಿತು. ಕೆಲವೇ ದಿನಗಳಲ್ಲಿ ಕುಸಿಯಿತು. 135 ಜನ ಪ್ರಾಣ ಕಳೆದುಕೊಂಡರು. ಒಪ್ಪಂದದಲ್ಲಿ ಹೊಣೆಗಾರನ ಹೆಸರಿತ್ತು. ಆದರೆ ಹೆಸರು ಬರೆದ ಕಾಗದ ಸೇತುವೆಯನ್ನು ಎತ್ತಿ ಹಿಡಿಯಲಾರದು.

ಲೆಕ್ಕದಲ್ಲಿ ಕಾಣದ ಸಾಲ

ನಮ್ಮ ದೇಶದಲ್ಲಿ ಇಂದು ಸೇತುವೆಯ ಹೊಣೆ ಯಾರದು? ರಾಷ್ಟ್ರೀಯ ಹೆದ್ದಾರಿಯ ಮೇಲಿದ್ದರೆ ಕೇಂದ್ರದ್ದು. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯ 13ನೆಯ ಬಾಬಿನಲ್ಲಿ ರಸ್ತೆ ಮತ್ತು ಸೇತುವೆಗಳ ಉಲ್ಲೇಖವಿದೆ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳ ಮೂಲಕ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೂ, ಹನ್ನೆರಡನೆಯ ಅನುಸೂಚಿಯಲ್ಲಿ ಪುರಸಭೆಗಳಿಗೂ ಸೇತುವೆಯನ್ನು ವಹಿಸಬಹುದಾದ ವಿಷಯವಾಗಿ ಹೆಸರಿಸಲಾಗಿದೆ. ನಮ್ಮ ಪಟ್ಟಿಯೂ ಒಂಬತ್ತು ಕಂಬಗಳ ಪಟ್ಟಿಯಂತೆಯೇ ಸುಸ್ಪಷ್ಟವಾಗಿದೆ. ಊರಿನ ರಸ್ತೆ ಮೇಲ್ದರ್ಜೆಗೇರಿದಾಗ, ಗ್ರಾಮ ನಗರಕ್ಕೆ ಸೇರಿದಾಗ, ಬೈಪಾಸ್ ಬಂದು ಹಳೆಯ ರಸ್ತೆ ಒಂಟಿಯಾದಾಗ ಸೇತುವೆ ಯಾರ ಪಟ್ಟಿಯಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ.

ಇದಕ್ಕೂ ಮಿಗಿಲಾದ ಸಮಸ್ಯೆ ಲೆಕ್ಕಪದ್ಧತಿಯದು. ಕೇಂದ್ರ, ರಾಜ್ಯ ಸರ್ಕಾರಗಳ ಲೆಕ್ಕಗಳು ನಗದು ಆಧಾರಿತವಾಗಿವೆ. ದುರಸ್ತಿ ಮಾಡಿದರೆ ಖರ್ಚು ಬೀಳುತ್ತದೆ. ಮಾಡದೆ ಮುಂದೂಡಿದರೆ ಯಾವ ಕಲಮಿನಲ್ಲಿಯೂ ಏನೂ ಕಾಣುವುದಿಲ್ಲ. ಖಾಸಗಿ ಕಂಪನಿಯೊಂದು ತನ್ನ ಯಂತ್ರಕ್ಕೆ ಪ್ರತಿವರ್ಷ ಸವಕಳಿ ಬರೆಯುವುದರಿಂದ ಸ್ವತ್ತು ಸವೆಯುತ್ತಿದೆ ಎಂಬ ಎಚ್ಚರಿಕೆಯಾದರೂ ಆಡಳಿತ ಮಂಡಳಿಗೆ ಸಿಗುತ್ತದೆ. ಸೇತುವೆಯ ಸವೆತಕ್ಕೆ ಅಂತಹ ಎಚ್ಚರಿಕೆಯಿಲ್ಲ. ಮುಂದೂಡಿದ ದುರಸ್ತಿ ವಾಸ್ತವವಾಗಿ ಸಾಲವೇ. ಅದರ ಬಡ್ಡಿಯನ್ನು ಕಟ್ಟುವವರು ಸುತ್ತು ದಾರಿ ಹಿಡಿಯುವ ಲಾರಿಗಳು, ತಡವಾಗಿ ತಲಪುವ ಸರಕು, ಕೊನೆಗೆ ದಾಟುವ ಜನರ ಪ್ರಾಣ.

ಹಣ ಸಂಗ್ರಹಕ್ಕೆ ಕಾನೂನಿನ ದಾರಿಗಳು ಇಲ್ಲದಿಲ್ಲ. ರಸ್ತೆ ಹಾಗೂ ಸೇತುವೆಗಳ ಮೇಲೆ ಸುಂಕ ವಿಧಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿದ ಟೋಲ್ ಕಾಯಿದೆ 1851ರಷ್ಟು ಹಳೆಯದು. 2000ದ ಕೇಂದ್ರ ರಸ್ತೆ ನಿಧಿ ಕಾಯಿದೆಯು ಪೆಟ್ರೋಲ್, ಡೀಸೆಲ್ ಮೇಲಿನ ಸೆಸ್ಸಿಗೆ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಿತು. 2018ರಲ್ಲಿ ಅದು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿಯಾಯಿತು. ಆದರೆ ದೊಡ್ಡ ನಿಧಿಯಿಂದ ಹೊಸ ಕಾಮಗಾರಿಗೆ ಹರಿಯುವ ಹಣ ಹಳೆಯ ಸೇತುವೆಯ ಕಂಬದವರೆಗೆ ತಲಪಬೇಕಾದರೆ ಆ ಸೇತುವೆಯ ಹೆಸರಿನಲ್ಲಿಯೇ ಒಂದು ಪಾಲು ಮೀಸಲಾಗಬೇಕು.

ವಾಣಿಜ್ಯ ಸಂಸ್ಥೆಗಳು ಕೇಳಬೇಕಾದ ಪ್ರಶ್ನೆಗಳು

ವ್ಯಾಪಾರಿ ಸಮುದಾಯ ಸೇತುವೆ ಬೇಕೆಂದು ಮನವಿ ಸಲ್ಲಿಸುವುದು ವಾಡಿಕೆ. ಇನ್ನು ಮುಂದೆ ಮನವಿಯ ಜೊತೆಗೆ ನಾಲ್ಕು ಪ್ರಶ್ನೆಗಳನ್ನೂ ಕೇಳುವುದು ಲೇಸು.

ಒಂದು, ಈ ಸೇತುವೆ ಇಂದು ಯಾವ ಸಂಸ್ಥೆಯ ಆಸ್ತಿ ವಹಿಯಲ್ಲಿ ದಾಖಲಾಗಿದೆ? ಎರಡು, ಅದರ ಕೊನೆಯ ತಾಂತ್ರಿಕ ಪರಿಶೀಲನೆ ಯಾವಾಗ ನಡೆಯಿತು, ವರದಿ ಸಾರ್ವಜನಿಕರಿಗೆ ಲಭ್ಯವಿದೆಯೇ? ಮೂರು, ಗುತ್ತಿಗೆದಾರನ ದೋಷ ಹೊಣೆಗಾರಿಕೆಯ ಅವಧಿ ಮುಗಿದ ಮರುದಿನದಿಂದ ನಿರ್ವಹಣೆಗೆ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ? ನಾಲ್ಕು, ಆ ಮೊತ್ತವನ್ನು ಬೇರೆ ಕೆಲಸಕ್ಕೆ ವರ್ಗಾಯಿಸದಂತೆ ತಡೆ ಇದೆಯೇ, ಅದು ಬೆಲೆಯೇರಿಕೆಗೆ ಅನುಗುಣವಾಗಿ ಹೆಚ್ಚುತ್ತದೆಯೇ?

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕ ಮಾತ್ರಕ್ಕೆ ತೃಪ್ತರಾಗಬಾರದು. ರೋಚೆಸ್ಟರಿನ ಜನರಿಗೆ ಆ ಉತ್ತರ 10ನೆಯ ಶತಮಾನದಲ್ಲಿಯೇ ಗೊತ್ತಿತ್ತು, ಕಂಬ ಕಂಬಕ್ಕೂ ಗೊತ್ತಿತ್ತು. ಆದರೂ ಅವರ ಸೇತುವೆ ಮುರಿದು ಬಿದ್ದಿತು. ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಮೇಲೆ ಮಾತ್ರ ಆ ಊರಿನಲ್ಲಿ ದುರಸ್ತಿಯ ವಿವಾದ ಅಡಗಿತು.